ವಸೂಲಿ ಸಂವಾದ

ಶಿಕ್ಷಣ ಸಾಲಕ್ಕೆ ವಿರಾಮಾವಧಿ, ಅಂದರೆ ಓದು ಮುಗಿದ ಮೇಲೂ ಸಾಮಾನ್ಯವಾಗಿ 1 ವರ್ಷ ಕಂತು ಕಟ್ಟಬೇಕಿಲ್ಲದ ಕಾಲ, ಇದ್ದರೂ ಬಡ್ಡಿ ಮಾತ್ರ ವಿರಾಮವನ್ನರಿಯದೆ ಬೆಳೆಯುವುದರಿಂದ, ವಸೂಲಿ ಪ್ರತಿನಿಧಿಯ ಕರೆ ಮಗನಿಗಿಂತ ಮೊದಲು ಸಹಸಾಲಗಾರನನ್ನು, ಎಂದರೆ ಸಾಲಪತ್ರಕ್ಕೆ ಜೊತೆಯಲ್ಲಿ ಸಹಿ ಹಾಕಿದ ತಂದೆಯನ್ನು, ತಲುಪುವುದುಂಟು.

“ಯಜಮಾನರೇ, ಕಂತು ಬಾಕಿಯಿದೆ, ಖಾತೆ ಎನ್‌ಪಿಎ ಆಗುತ್ತದೆ.”

“ಹಾಗೆಂದರೇನು ಸ್ವಾಮಿ?”

“90 ದಿನ ಮೀರಿಯೂ ಬಾಕಿ ಉಳಿದ ಸಾಲ, ಅನುತ್ಪಾದಕ ಆಸ್ತಿ.”

“ಮನೆಯಲ್ಲಿ ಮಲಗಿರುವ ಇಂಜಿನಿಯರನಿಗೂ ಅದೇ ಹೆಸರು ಒಪ್ಪುತ್ತದೆ.”

“ತಮಾಷೆ ಬೇಡ, ಇವತ್ತೇ ಕಟ್ಟಿ.”

“ರಾತ್ರಿ ಒಂಬತ್ತಾಯಿತಲ್ಲ! ಸಂಜೆ 7ರ ನಂತರ ವಸೂಲಿ ಕರೆ ಕೂಡದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಸೂಚಿಸಿದೆಯಂತೆ?”

“ಯಾರು ಹೇಳಿದ್ದು?” ಎಂದು ಪ್ರತಿನಿಧಿ ತುಸು ತಗ್ಗಿದ ದನಿಯಲ್ಲಿ ವಿಚಾರಿಸಿದನು.

“ನಿಮ್ಮ ಸಾಲದಲ್ಲಿ ಓದಿದನಲ್ಲ, ಅವನೇ.”