ತೂಕಡಿಸಿದ ಸುಪ್ರಭಾತ

ಕೆಟ್ಟುಹೋದ ಸಾಮಾನಿಗೆ ಮೂರೇ ಗತಿ ಎಂದು ತಿಳಿದವರು ಹೇಳುತ್ತಾರೆ: ರಿಪೇರಿ ಮಾಡಿಸು, ಹೊಸದು ತಗೋ, ಇಲ್ಲವೇ ಮರುಬಳಕೆಗೆ ಕೊಡು. ತಿಳಿದವರ ಮನೆಯಲ್ಲಿ ಅಟ್ಟ ಇಲ್ಲವೆಂದು ಕಾಣುತ್ತದೆ. ನಮ್ಮ ಮನೆಯಲ್ಲಿದೆ. ಇಲ್ಲಿ ಕೆಟ್ಟದ್ದೆಲ್ಲ ಮೊದಲು ಟಿವಿ ಪಕ್ಕದಲ್ಲಿ, ‘ನಾಳೆ ಅಂಗಡಿಗೆ ತಗೊಂಡು ಹೋಗ್ತೀನಿ’ ಎಂಬ ನನ್ನ ಭರವಸೆಯ ಮೇಲೆ ಕೂರುತ್ತದೆ. ಆಮೇಲೆ ಬೀರುವಿನ ಕೆಳಗಿನ ಖಾನೆಗೆ ಇಳಿಯುತ್ತದೆ. ಕೊನೆಗೆ ಅಟ್ಟ ಹತ್ತುತ್ತದೆ. ಮತ್ತೆ ಅದರ ದರ್ಶನವಾಗುವುದು ಸುಣ್ಣಬಣ್ಣ ಮಾಡಿಸುವ ವರ್ಷದಲ್ಲಿ ಮಾತ್ರ.

ಈ ಸಲ ಹಾಗೆ ಇಳಿದು ಬಂದದ್ದು ವಾಕ್‌ಮನ್. ಸೋನಿಯದ್ದಲ್ಲ. ಆಗೆಲ್ಲ ಕ್ಯಾಸೆಟ್ ಹಾಕಿ ಕಿವಿಗೆ ಸಿಕ್ಕಿಸಿಕೊಳ್ಳುವ ಡಬ್ಬಿ ಯಾವುದಿದ್ದರೂ ಅದು ವಾಕ್‌ಮನ್ನೇ. ಮೊದಲ ಸಂಬಳದಲ್ಲಿ ಮೆಜೆಸ್ಟಿಕ್ಕಿನಲ್ಲಿ ಚೌಕಾಸಿ ಮಾಡಿ ಕೊಂಡಿದ್ದೆ. ಮೈಮೇಲಿದ್ದ ಕಂಪನಿಯ ಹೆಸರು ಬೆವರಿಗೇ ಅಳಿಸಿಹೋಗಿದೆ.

ಸೋನಿಯವರು 1979ರ ಜುಲೈ 1ರಂದು ಜಪಾನಿನಲ್ಲಿ ಮೊದಲ ವಾಕ್‌ಮನ್ ಮಾರಾಟಕ್ಕೆ ಬಿಟ್ಟಾಗ ಅದರಲ್ಲಿ ಹೆಡ್‌ಫೋನಿಗೆ ಎರಡು ತೂತುಗಳಿದ್ದವಂತೆ. ಒಬ್ಬರೇ ಕೇಳುತ್ತ ಕೂತರೆ ಪಕ್ಕದವರಿಗೆ ಬೇಜಾರಾದೀತು ಎಂಬ ಸಂಕೋಚ. ನಡುವೆ ಮಾತಾಡಬೇಕೆನಿಸಿದರೆ ಹಾಡಿನ ಸದ್ದು ತಗ್ಗಿಸಿ ಇಬ್ಬರಿಗೂ ಪರಸ್ಪರರ ದನಿ ಕೇಳಿಸುವ ಕಿತ್ತಳೆ ಬಣ್ಣದ ಒಂದು ಗುಂಡಿಯೂ ಇತ್ತು. ಅಂಥ ದಾಕ್ಷಿಣ್ಯ ನನ್ನ ಡಬ್ಬಿಗಿರಲಿಲ್ಲ. ಇದ್ದದ್ದು ಒಂದೇ ತೂತು. ಮದುವೆಯಾದ ಹೊಸತರಲ್ಲಿ ಮೈಸೂರು ಬಸ್ಸಿನಲ್ಲಿ ನಾವಿಬ್ಬರೂ ಹೆಡ್‌ಫೋನಿನ ಪಟ್ಟಿಯನ್ನು ಹಿಗ್ಗಿಸಿ, ಕಿವಿಗೊಂದರಂತೆ ಹಂಚಿಕೊಂಡು, ತಲೆಗೆ ತಲೆ ಅಂಟಿಸಿ ಕೂತಿದ್ದೆವು. ನೋಡಿದವರು ಇದೇನು ಪ್ರೇಮ ಅಂದುಕೊಂಡಿರಬೇಕು. ಆ ಪಟ್ಟಿಯ ಅಳತೆಯೇ ಅಷ್ಟು. ಸ್ಟೀರಿಯೋ ಆದ್ದರಿಂದ ಅವಳ ಕಿವಿಗೆ ಪಿಟೀಲು, ನನ್ನ ಕಿವಿಗೆ ಬರೀ ತಬಲಾ.

ಈಗ ಅದೇ ಹೆಂಡತಿ, “ರೀ, ಇದನ್ನ ಮೊದಲು ಗುಜರಿಗೆ ಹಾಕಿ” ಅಂದಳು.

ಗುಜರಿಯವನೂ ಬಂದ. ಅವನ ಶಾಸ್ತ್ರ ಬಲು ಸರಳ: ಕಬ್ಬಿಣಕ್ಕೊಂದು ರೇಟು, ಪ್ಲಾಸ್ಟಿಕ್ಕಿಗೊಂದು, ತಾಮ್ರಕ್ಕೊಂದು. ವಾಕ್‌ಮನ್ನನ್ನು ಅಂಗೈಯಲ್ಲಿ ತೂಗಿ, ಕಿವಿಯ ಹತ್ತಿರ ಅಲ್ಲಾಡಿಸಿ, “ಇದ್ರಲ್ಲಿ ಏನಿಲ್ಲ ಸಾರ್, ಪೇಪರ್ ಜೊತೆಗೆ ಹಾಕ್ಬಿಡಿ” ಎಂದ. ನನ್ನ ಮೊದಲ ಸಂಬಳದ ಅರ್ಧವನ್ನು ನುಂಗಿದ ಯಂತ್ರವನ್ನು ಹಳೇ ಪೇಪರಿನ ತೂಕಕ್ಕೆ ಸೇರಿಸುವ ಔದಾರ್ಯ! ಸ್ವಾಭಿಮಾನ ಕೆರಳಿ ಅವನ ಕೈಯಿಂದ ಕಿತ್ತುಕೊಂಡೆ. ಅಲ್ಲಿಯತನಕ ರಿಪೇರಿ ಮಾಡಿಸುವ ವಿಚಾರ ನನಗೂ ಇರಲಿಲ್ಲ ಎಂಬುದನ್ನು ಇಲ್ಲಿ ಮಾತ್ರ ಹೇಳುತ್ತಿದ್ದೇನೆ.

ಮಗನದು ಆಧುನಿಕ ನಿಲುವು. “ಅಪ್ಪಾ, ನಿನ್ನ ಫೋನಲ್ಲೇ ಎಲ್ಲಾ ಹಾಡೂ ಇದೆಯಲ್ಲ, ಇದ್ಯಾಕೆ?” ಎಂದ. ಆ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಉತ್ತರವಿಲ್ಲದಾಗ ಅಪ್ಪಂದಿರು ಮಾಡುವುದನ್ನೇ ಮಾಡಿದೆ: ಕ್ಯಾಸೆಟ್ಟುಗಳ ಡಬ್ಬ ತೋರಿಸಿ, “ಇವನ್ನೇನು ಮಾಡೋದು?” ಎಂದು ಮರುಪ್ರಶ್ನೆ ಹಾಕಿದೆ. ಅವನು ಪಾಪ, ಒಳ್ಳೆಯ ಹುಡುಗ, ಹೊಸ ಕ್ಯಾಸೆಟ್ ಪ್ಲೇಯರ್ ಎಲ್ಲಾದರೂ ಸಿಗುತ್ತದೆಯೇ ಎಂದು ಹುಡುಕಿದ. ಸಿಗುತ್ತದೆ! ಚೀನಾದ ಫಿಯೋ ಕಂಪನಿಯವರು ಮಾಡುತ್ತಾರೆ, ಫ್ರಾನ್ಸಿನ ‘ವಿ ಆರ್ ರಿವೈಂಡ್’ನವರು ಅದಕ್ಕೆ ಬ್ಲೂಟೂತನ್ನೂ ಕೂಡಿಸಿ ಮಾಡುತ್ತಾರೆ. ಸೋನಿಯವರು 2010ರಲ್ಲಿ ಜಪಾನಿನಲ್ಲಿ ಕ್ಯಾಸೆಟ್ ವಾಕ್‌ಮನ್ನಿಗೆ ಎಳ್ಳುನೀರು ಬಿಟ್ಟಿದ್ದರೂ ಬೇರೆಯವರು ಶ್ರಾದ್ಧದೂಟಕ್ಕೆ ಇನ್ನೂ ಬಡಿಸುತ್ತಿದ್ದಾರೆ. ಬೆಲೆ ನೋಡಿದ ಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ.

ಉಳಿದದ್ದು ಮರುಬಳಕೆ. ಈ ವಿಷಯದಲ್ಲಿ ನಾನು ಜವಾಬ್ದಾರಿಯುತ ನಾಗರಿಕ. ಪೇಪರಿನ ಜೊತೆ ಹಾಕಬಾರದು, ಕಸದ ಗಾಡಿಗೆ ಸುರಿಯಬಾರದು, ಸರ್ಕೀಟಿನ ಬೆಸುಗೆಯಲ್ಲಿ ಸೀಸವಿರುತ್ತದೆ ಎಂದೆಲ್ಲ ಊಟಕ್ಕೆ ಕೂತಾಗ ಭಾಷಣ ಮಾಡಿದೆ. ನಮ್ಮ ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲೇ ಇ-ಪರಿಸರ ಎಂಬ ಘಟಕವಿದೆ. ದೇಶದಲ್ಲಿ ಇ-ತ್ಯಾಜ್ಯ ಮರುಬಳಕೆಗೆ ಸರ್ಕಾರದ ಅನುಮತಿ ಪಡೆದ ಮೊದಮೊದಲ ಘಟಕಗಳಲ್ಲಿ ಅದೂ ಒಂದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ನಿಯಮಗಳ ಪ್ರಕಾರ ಮರುಬಳಕೆ ಮಾಡಿಸುವ ಹೊಣೆ ತಯಾರಿಸಿದ ಕಂಪನಿಯದ್ದೇ ಎಂದೂ ಹೇಳಿದೆ. “ನಿಮ್ದು ಯಾವ ಕಂಪನಿ?” ಎಂದು ಕೇಳಿದಳು ಹೆಂಡತಿ. ಹೆಸರು ಬೆವರಿಗೆ ಅಳಿಸಿಹೋದ ಸಂಗತಿ ಆಗ ನೆನಪಾಯಿತು. ಸಾರು ಬಡಿಸಿಕೊಂಡು ಸುಮ್ಮನಾದೆ.

ಮರುದಿನ ಸೆಲ್ಲಿನ ಮುಚ್ಚಳ ತೆಗೆದೆ. ಒಳಗೆ ಎರಡು ಪೆನ್ಸಿಲ್ ಸೆಲ್ಲುಗಳು ಒಂದನ್ನೊಂದು ಬಿಡಲಾರದಂತೆ ಅಂಟಿಕೊಂಡಿದ್ದವು. ಸ್ಪ್ರಿಂಗಿನ ಸುತ್ತ ಬಿಳಿಯ ಉಪ್ಪು, ತಗಡಿನ ಮೇಲೆ ಹಸಿರು ಕಿಲುಬು. ಮಗ ಯಾವುದೋ ವಿಡಿಯೋ ನೋಡಿ, “ವಿನೆಗರ್ ಹಾಕ್ಬೇಕಪ್ಪಾ” ಅಂದ. ಅದು ಆಲ್ಕಲೈನ್ ಸೆಲ್ಲಿನ ಮದ್ದು. ಅದರಿಂದ ಸೋರುವುದು ಕ್ಷಾರ, ಕ್ಷಾರಕ್ಕೆ ಹುಳಿ. ನಮ್ಮ ಕಾಲದ ಅಗ್ಗದ ಸತು-ಇಂಗಾಲದ ಸೆಲ್ಲಿನಿಂದ ಸೋರುವುದೇ ಹುಳಿ. ಅದಕ್ಕೆ ಅಡುಗೆ ಸೋಡಾ ಬೇಕು. ಇದನ್ನೆಲ್ಲ ವಿವರಿಸಿ ಅಡುಗೆಮನೆಯ ಕಡೆ ನೋಡಿದೆ. “ಬೋಂಡಾಗೆ ಇಟ್ಟಿರೋ ಸೋಡಾ ಅದು” ಎಂಬ ಎಚ್ಚರಿಕೆಯೊಂದಿಗೆ ಒಂದು ಚಿಟಿಕೆ ಮಂಜೂರಾಯಿತು. ಹಳೇ ಹಲ್ಲುಜ್ಜುವ ಬ್ರಷ್ಷನ್ನು ಸೋಡಾ ನೀರಿಗೆ ಅದ್ದಿ ತಿಕ್ಕುತ್ತ ಕೂತೆ. ನೊರೆ ಬಂತು, ಹಸಿರು ಹೋಯಿತು, ತಗಡು ಹೊಳೆಯಿತು. ಆಫೀಸಿನಲ್ಲಿ ಇಷ್ಟು ವರ್ಷ ದುಡಿದರೂ ಯಾವ ಫೈಲೂ ಹೀಗೆ ಕಣ್ಣೆದುರೇ ಹೊಳೆದದ್ದಿಲ್ಲ.

ಹೊಸ ಸೆಲ್ಲು ಹಾಕಿ ಗುಂಡಿ ಒತ್ತಿದರೆ ಮೋಟಾರು ಗುರ್ರೆಂದಿತು, ಚಕ್ರ ಮಾತ್ರ ಕದಲಲಿಲ್ಲ. ಹಿಂಬದಿಯ ತಿರುಪು ಬಿಚ್ಚಿದಾಗ ಕಾರಣ ಸಿಕ್ಕಿತು. ಮೋಟಾರಿನಿಂದ ದಪ್ಪ ಚಕ್ರಕ್ಕೆ ಹೋಗುವ ರಬ್ಬರ್ ಬೆಲ್ಟು ಅಟ್ಟದ ಸೆಖೆಗೆ ಕರಗಿ, ಕರಿ ಅಂಟಾಗಿ ಬಳಿದುಕೊಂಡಿತ್ತು. ಮುಟ್ಟಿದ ಬೆರಳಿಂದ ಅಂಗಿಗೆ, ಅಂಗಿಯಿಂದ ಸೋಫಾಕ್ಕೆ ಅದು ಪ್ರಯಾಣ ಬೆಳೆಸಿತು. ಸೋಫಾ ಕುರಿತು ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ.

ಬೆಲ್ಟಿಗಾಗಿ ಎಸ್.ಪಿ. ರೋಡಿಗೆ ಹೋದೆ. ಅಲ್ಲಿ ಸಿಗದ್ದು ಬೇರೆಲ್ಲೂ ಸಿಗುವುದಿಲ್ಲ ಎಂಬುದು ಬೆಂಗಳೂರಿಗರ ದೃಢ ನಂಬಿಕೆ. ಹೊರಗಿನ ಅಂಗಡಿಗಳಲ್ಲೆಲ್ಲ ಲ್ಯಾಪ್‌ಟಾಪು, ಕ್ಯಾಮೆರಾ, ಬಣ್ಣದ ಬೆಳಕಿನ ಕೀಬೋರ್ಡು. ವಾಕ್‌ಮನ್ ಬೆಲ್ಟ್ ಎಂದರೆ ಹುಡುಗರು ನನ್ನ ಸೊಂಟ ನೋಡಿದರು. ಕೊನೆಗೆ ಒಳಗಿನ ಓಣಿಯ ಒಂದು ಗೂಡಿನಲ್ಲಿ, ಮೂಗಿನ ತುದಿಗೆ ಕನ್ನಡಕ ಇಳಿಬಿಟ್ಟ ಹಿರಿಯರೊಬ್ಬರು, “ದಾರ ತಂದಿದೀರಾ?” ಎಂದು ಕೇಳಿದರು. ದಾರವೆಂದರೆ ಅಳತೆ: ಚಕ್ರಗಳ ಸುತ್ತ ದಾರ ಹಾಯಿಸಿ, ಅದಕ್ಕಿಂತ ಚೂರು ಕಡಿಮೆಯ ಬೆಲ್ಟು ಹಾಕಬೇಕು, ಬಿಗಿಯಿದ್ದರೆ ತಾನೇ ಹಿಡಿತ. ನನ್ನ ಬಳಿ ದಾರವಿರಲಿಲ್ಲ, ವಾಕ್‌ಮನ್ನೇ ಇತ್ತು. ಅವರು ಅಲ್ಲೇ ಬಿಚ್ಚಿ, ಸ್ಪಿರಿಟ್ಟಿನಲ್ಲಿ ಅಂಟು ಒರೆಸಿ, ಬಿಸ್ಕತ್ ಡಬ್ಬಿಯೊಳಗಿನ ನೂರಾರು ಕರಿ ಬಳೆಗಳಲ್ಲಿ ಬೆರಳಾಡಿಸಿ ಒಂದನ್ನು ಎತ್ತಿ ಕೂರಿಸಿದರು. ಹತ್ತಿಯ ಕಡ್ಡಿಯಲ್ಲಿ ಹೆಡ್ಡನ್ನೂ ಒರೆಸಿಕೊಟ್ಟರು. ಬೆಲ್ಟಿನ ಬೆಲೆ ಕೇಳಿದರೆ ನಗು ಬರಬೇಕು. ಆಟೋದವನು ಹೇಳಿದ ಬೆಲೆಗೆ ಹಾಗಾಗಲಿಲ್ಲ.

ಮನೆಗೆ ಬಂದು ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತದ ಕ್ಯಾಸೆಟ್ ಹಾಕಿ, ಮಗನ ಸ್ಪೀಕರಿಗೆ ಜೋಡಿಸಿದೆ. ಹಾಡಿತು! ಆದರೆ ವೆಂಕಟೇಶನನ್ನು ಎಬ್ಬಿಸಬೇಕಾದ ಸ್ತೋತ್ರ ಮಂದವಾಗಿ, ಭಾರವಾಗಿ, ಅವನು ಮಗ್ಗುಲು ಬದಲಿಸಿ ಇನ್ನಷ್ಟು ಮುಸುಕೆಳೆದುಕೊಳ್ಳುವಂತಿತ್ತು. ನನಗೇನೋ ಚೆನ್ನಾಗಿಯೇ ಕೇಳಿಸುತ್ತಿತ್ತು. ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದೇ ಬಂದಳು.

“ಏನಿದು, ಅರ್ಧ ಮನೆ ಇಳಿದುಹೋಗಿದೆ!”

ಅವಳು ಹುಡುಗಿಯಾಗಿದ್ದಾಗ ಸೀನಿಯರ್ ಪರೀಕ್ಷೆಯವರೆಗೆ ಸಂಗೀತ ಕಲಿತವಳು. ಶ್ರುತಿ ತಪ್ಪಿದರೆ ಅವಳಿಗೆ ಹಲ್ಲುನೋವು ಬಂದ ಹಾಗೆ. ಲೆಕ್ಕ ಹಾಕಿದರೆ ಅವಳು ಹೇಳಿದ್ದು ಸರಿಯೇ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡಬೇಕು. ನೂರಕ್ಕೆ ಆರರಷ್ಟು ನಿಧಾನವಾದರೂ ಸಾಕು, ಹೆಚ್ಚುಕಡಿಮೆ ಅರ್ಧ ಮನೆ ಶ್ರುತಿ ಇಳಿಯುತ್ತದೆ. ಮೋಟಾರಿನ ಬೆನ್ನಲ್ಲಿ ಒಂದು ಪುಟ್ಟ ತೂತು, ಅದರೊಳಗೆ ವೇಗ ತಿದ್ದುವ ತಿರುಪು. ಕನ್ನಡಕದ ಹಿರಿಯರು ಹೇಳಿಕೊಟ್ಟಿದ್ದರು. ಸಣ್ಣ ಸ್ಕ್ರೂಡ್ರೈವರ್ ಹಿಡಿದು ನಾನು ಕೂತೆ. ಅವಳು ಫೋನಿನಲ್ಲಿ ತಂಬೂರಿ ಹಾಕಿಕೊಂಡು ಎದುರಿಗೆ ಕೂತಳು. ಸೌಟು ಕೈಯಲ್ಲೇ ಇತ್ತು.

“ಇನ್ನೂ ಮೇಲೆ… ಇನ್ನೂ… ಅಯ್ಯೋ, ಜಾಸ್ತಿ ಆಯ್ತು! ದೇವರನ್ನ ಗದರಿಸಿ ಎಬ್ಬಿಸಿದ ಹಾಗಿದೆ. ಇಳಿಸಿ. ಒಂದು ಕೂದಲೆಳೆ ಅಂದ್ರೆ, ಹಗ್ಗದಷ್ಟು ತಿರುಗಿಸ್ತೀರಲ್ಲ ರೀ!”

ಮಗ ಬಾಗಿಲಲ್ಲಿ ನಿಂತು ವಿಡಿಯೋ ಮಾಡುತ್ತಿದ್ದ. ಒಲೆಯ ಮೇಲೆ ಪಲ್ಯ ಸೀದ ವಾಸನೆ ಬಂತು. ಗುಜರಿಗೆ ಹಾಕಿ ಎಂದವಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಎಂ.ಎಸ್. ಸರಿಯಾದ ಷಡ್ಜಕ್ಕೆ ಬಂದು ನಿಂತ ಮೇಲೆಯೇ ಅವಳು ಒಲೆ ಆರಿಸಿದ್ದು. ಆ ಮಧ್ಯಾಹ್ನ ಮೊಸರನ್ನ ಉಂಡೆವು.

ಮರುದಿನ ಅವಳು ತವರಿಂದ ತಂದಿದ್ದ ಟ್ರಂಕಿನ ತಳದಿಂದ ಮೂರ್ನಾಲ್ಕು ಕ್ಯಾಸೆಟ್ಟುಗಳನ್ನು ಹೊರತೆಗೆದಳು. ಅವು ಅವಳ ಸಂಗೀತದ ಮೇಷ್ಟರು ಪಾಠ ಹೇಳುವಾಗ ಮಾಡಿದ ರೆಕಾರ್ಡು. ಒಂದು ವರ್ಣ, ನಡುವೆ ಕೆಮ್ಮು, ಕಾಫಿ ಲೋಟದ ಸದ್ದು, “ತಾಳ ಎಲ್ಲಿಗೆ ಹೋಯ್ತಮ್ಮಾ, ಮಾರ್ಕೆಟ್ಟಿಗಾ?” ಎಂಬ ಗದರಿಕೆ. ಈ ಪಾಠ ಯಾವ ಫೋನಿನಲ್ಲೂ ಇಲ್ಲವೆಂದು ಮಗನಿಗೆ ಗೆಲುವಿನ ದನಿಯಲ್ಲಿ ಹೇಳಹೊರಟರೆ, “ಶ್” ಎಂದು ಇಬ್ಬರೂ ನನ್ನ ಬಾಯಿ ಮುಚ್ಚಿಸಿದರು. ಮೇಷ್ಟರ ಬೈಗುಳವೂ ಶ್ರುತಿಬದ್ಧವಾಗಿತ್ತು.

ಈಗ ಅವಳು ಸಂಜೆ ವಾಕಿಂಗಿಗೆ ಹೋಗುವಾಗ ವಾಕ್‌ಮನ್ ಸೊಂಟದಲ್ಲಿರುತ್ತದೆ. ಹೆಡ್‌ಫೋನಿನ ಸ್ಪಂಜು ಉದುರಿಹೋಗಿತ್ತು, ಅದಕ್ಕೂ ನಾನೇ ಎಸ್.ಪಿ. ರೋಡಿಗೆ ಹೋಗಿ ಬಂದೆ. ಮೊನ್ನೆ ನನ್ನ ಹಳೇ ಚಿತ್ರಗೀತೆಗಳ ಕ್ಯಾಸೆಟ್ಟನ್ನು ಹಿಡಿದು, “ಸ್ವಲ್ಪ ಹೊತ್ತು ಕೊಡೇ” ಎಂದು ಕೇಳಿದೆ.

“ಯಾಕೆ, ನಿಮ್ಮ ಫೋನಲ್ಲೇ ಎಲ್ಲಾ ಹಾಡೂ ಇದೆಯಲ್ಲ” ಎಂದಳು.