ಸ್ಫುಲಿಂಗಾಂತರ ಮೀಮಾಂಸೆ

ಸ್ಪಾರ್ಕ್ ಪ್ಲಗ್ಗಿನ ಗ್ಯಾಪು ಎಷ್ಟಿರಬೇಕು ಎಂಬ ಪ್ರಶ್ನೆಯನ್ನು ನಮ್ಮ ಆಲಂಕಾರಿಕರಾಗಲಿ ವೈಯಾಕರಣರಾಗಲಿ ಕೈಗೆತ್ತಿಕೊಂಡಿಲ್ಲ. ಹಲ್ಮಿಡಿ ಶಾಸನದಲ್ಲಿ ಪ್ಲಗ್ಗಿನ ಉಲ್ಲೇಖವಿಲ್ಲ. ಕಲ್ಲಿನ ಮೇಲೆ ಮಸಿಯೂ ಇಲ್ಲದಿರುವುದರಿಂದ ಆ ಕಾಲದ ಎಂಜಿನ್ನುಗಳು ಶುದ್ಧವಾಗಿ ಉರಿಯುತ್ತಿದ್ದವೆಂದು ಊಹಿಸಲು ಅಡ್ಡಿಯಿಲ್ಲ. ಈ ಕೊರತೆ ತುಂಬಲು ಮಾಜಾಳಿಗಿಂತ ತಕ್ಕ ಜಾಗ ಬೇರೆಲ್ಲಿದೆ? ಕರ್ನಾಟಕ ಇಲ್ಲಿಗೆ ಮುಗಿಯುತ್ತದೆ, ಆಚೆ ಪೋಳೆಂನಲ್ಲಿ ಗೋವಾ ಶುರು. ಎರಡು ತುದಿ, ನಡುವೆ ಕಿರಿದೊಂದು ಸಂದು, ಅತ್ತಿಂದಿತ್ತ ಹಾರುವ ಶಕ್ತಿ: ಪ್ಲಗ್ಗಿನ ರಚನೆಯೂ ಇಷ್ಟೇ. (ಈ ಶಕ್ತಿ ಪೆಟ್ರೋಲು ಅಗ್ಗವಿರುವ ಕಡೆಗೇ ಹೆಚ್ಚು ಹಾರುತ್ತದೆ ಎಂಬುದು ಬೇರೆಯೇ ಪ್ರಬಂಧದ ವಸ್ತು.)

ಪ್ರಬಂಧಕಾರನ ಅರ್ಹತೆಯನ್ನೂ ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ವ್ಯಾಕರಣ ಕಲಿಸಿ, ನಿವೃತ್ತಿಯ ದುಡ್ಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಕಾರು ಕೊಂಡವನು ನಾನು. ಮೊದಲಿನ ಯಜಮಾನ ಬೆಂಗಳೂರಿನ ಹುಡುಗ. ಕಂಪ್ಯೂಟರಿನಲ್ಲಿ ಏನೋ ತಿದ್ದಿಸಿ ಟರ್ಬೊದ ಒತ್ತಡ, ಅಂದರೆ ಬೂಸ್ಟ್, ಏರಿಸಿದ್ದ. ಇಂಥ ಕಾರಿನಲ್ಲಿ ನಾನು ಮಾಡುತ್ತಿದ್ದದ್ದು ಕಾಳಿ ಸೇತುವೆ ದಾಟಿ ಕಾರವಾರದ ಮೀನುಪೇಟೆಗೆ ಹೋಗಿ ಬಂಗಡೆ ತರುವ ಕೆಲಸ.

ಪೂರ್ವಪಕ್ಷ ಹೀಗಿತ್ತು. ಗ್ಯಾಪು ದೊಡ್ಡದಾದರೆ ಕಿಡಿ ಉದ್ದ, ಕಿಡಿ ಉದ್ದವಾದರೆ ಬೆಂಕಿ ಚೆನ್ನಾಗಿ ಹಿಡಿಯುತ್ತದೆ. ಇದರಲ್ಲಿ ಸುಳ್ಳಿಲ್ಲ. ಟರ್ಬೊ ಇಲ್ಲದ ಎಷ್ಟೋ ಎಂಜಿನ್ನುಗಳು 1.0, 1.1 ಮಿಲಿಮೀಟರಿನಲ್ಲಿ ಸುಖವಾಗಿವೆ. ಸಾದಾ ಕಾರಿಗೇ ಅಷ್ಟಾದರೆ ಪರ್ಫಾರ್ಮೆನ್ಸ್ ಕಾರಿಗೆ ಅದಕ್ಕೆ ಕಡಿಮೆ ಇಡುವುದು ಮರ್ಯಾದೆಯೇ ಎಂದುಕೊಂಡು, ಪುಸ್ತಕದಲ್ಲಿ 0.8 ಎಂದಿದ್ದರೂ ಅದನ್ನು ಲಿಪಿಕಾರನ ದೋಷವೆಂದು ಬಗೆದು, ನಾಲ್ಕೂ ಪ್ಲಗ್ಗುಗಳನ್ನು 1.1ಕ್ಕೆ ಬಿಡಿಸಿದೆ.

ಮೀನುಪೇಟೆಯವರೆಗೆ ಸಿದ್ಧಾಂತ ಸರಿಯಾಗಿಯೇ ಓಡಿತು. ಅದು ಕೈಕೊಟ್ಟದ್ದು ಕಾಣಕೋಣ ದಾಟಿ ಕರ್ಮಲ್ ಘಾಟಿನ ಏರಿನಲ್ಲಿ. ಮೂರನೇ ಗೇರು, ಮುಂದೆ ಮರಳಿನ ಲಾರಿ. ಹಿಂದಿಕ್ಕೋಣವೆಂದು ಕಾಲು ಒತ್ತಿದೆ. ಟರ್ಬೊ ಶಿಳ್ಳೆ ಹಾಕಿತು. ಮರುಕ್ಷಣ ಗಾಡಿ ಬಿಕ್ಕಳಿಸಿತು, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಮಿಣಮಿಣ ಮಿನುಗಿತು. ಲಾರಿಯ ಕ್ಲೀನರು ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಮೆಕ್ಯಾನಿಕರು ಇದಕ್ಕೆ ಮಿಸ್ಸಿಂಗ್ ಎನ್ನುತ್ತಾರೆ. ವ್ಯಾಕರಣದಲ್ಲಿ ಇದಕ್ಕೆ ಆಗಲೇ ಹೆಸರಿದೆ. ಬರಬೇಕಾದ ಕಿಡಿ ಬಾರದಿದ್ದರೆ ಲೋಪ. ಇಲ್ಲದ ಕಾರ್ಬನ್ ಬಂದು ಕೂತರೆ ಆಗಮ. ಹಳೆಯ ಪ್ಲಗ್ಗು ತೆಗೆದು ಅದೇ ಜಾಗಕ್ಕೆ ಹೊಸದು ಹಾಕಿದರೆ ಆದೇಶ. ಕನ್ನಡ ಸಂಧಿಪ್ರಕರಣದ ಹೊರಗೆ ಯಾವ ಎಂಜಿನ್ನೂ ಕೆಡಲಾರದು.

ನಮ್ಮೂರ ಮೇಸ್ತ್ರಿ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದು, ನನ್ನ ಮುಖವನ್ನೂ ಅದೇ ಬೆಳಕಿನಲ್ಲಿ ನೋಡಿದ. "ಮಾಸ್ತರೇ, ಬೂಸ್ಟ್ ಏರಿಸಿದ ಗಾಡಿಗೆ ಇಷ್ಟು ಗ್ಯಾಪ್ ಇಟ್ರೆ ಕಿಡಿ ಹಾರುದು ಹೇಗೆ? ಬಿರುಗಾಳಿಯಲ್ಲಿ ಕಡ್ಡಿ ಗೀರಿದ ಹಾಗೆ ಆಯ್ತು."

ಉಪಮೆ ಚೆನ್ನಾಗಿದೆ, ಆದರೆ ಶಾಸ್ತ್ರಸಮ್ಮತವಲ್ಲ. ಕಿಡಿ ಆರಿಹೋಗುವುದಕ್ಕಿಂತ ಹೆಚ್ಚಾಗಿ, ಹುಟ್ಟುವುದೇ ಕಷ್ಟವಾಗುತ್ತದೆ. 1889ರಲ್ಲಿ ಜರ್ಮನಿಯ ಫ್ರೀಡ್ರಿಕ್ ಪಾಶೆನ್ ಕಂಡುಕೊಂಡಂತೆ, ಕಿಡಿ ಹಾರಲು ಬೇಕಾದ ವೋಲ್ಟು ಅನಿಲದ ಒತ್ತಡ ಮತ್ತು ಅಂತರ ಎರಡರ ಗುಣಲಬ್ಧವನ್ನು ಅವಲಂಬಿಸಿದೆ. ರಥಬೀದಿಯನ್ನು ಬೆಳಗಿನ ಜಾವ ದಾಟುವುದಕ್ಕೂ ಜಾತ್ರೆಯ ದಿನ ದಾಟುವುದಕ್ಕೂ ಇರುವ ವ್ಯತ್ಯಾಸ ಇದು. ಟರ್ಬೊ ಸಿಲಿಂಡರಿನೊಳಗೆ ಜಾತ್ರೆಯನ್ನೇ ತುಂಬುತ್ತದೆ. ಕಾಯಿಲು 12 ವೋಲ್ಟಿನ ಬ್ಯಾಟರಿಯಿಂದ ಹತ್ತಾರು ಸಾವಿರ ವೋಲ್ಟು ಎಬ್ಬಿಸಿ ಕೊಡುತ್ತದೆ, ಅದಕ್ಕೂ ಮಿತಿಯಿದೆ. ಜನ ಕಡಿಮೆ ಮಾಡಲಾಗದಿದ್ದರೆ ಬೀದಿಯನ್ನು ಕಿರಿದು ಮಾಡಬೇಕು. ಬೂಸ್ಟ್ ಏರಿಸಿದ ಕಾರುಗಳಿಗೆ ಸಾಮಾನ್ಯವಾಗಿ 0.6ರಿಂದ 0.7 ಮಿಲಿಮೀಟರ್ ಇಡುವುದು ಇದಕ್ಕೇ.

ಇನ್ನು ಹೀಟ್ ರೇಂಜ್. ಇಲ್ಲಿಯೇ ನಿಜವಾದ ಪಾಠಾಂತರದ ಜಗಳ. ಪ್ಲಗ್ಗಿನ ಮೂತಿ 450 ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣಗಿದ್ದರೆ ಮಸಿ ಸುಟ್ಟುಹೋಗುವುದಿಲ್ಲ, ಹಿಡಿದುಕೊಳ್ಳುತ್ತದೆ. 850ರ ಆಚೆ ಹೋದರೆ ಕಿಡಿಗೂ ಮೊದಲೇ ಮೂತಿಯ ಕಾವಿಗೇ ಪೆಟ್ರೋಲು ಹೊತ್ತಿಕೊಂಡು ಪಿಸ್ಟನ್ನಿಗೆ ಗಂಡಾಂತರ. ಕಾವಲಿ ಕಾಯದಿದ್ದರೆ ದೋಸೆ ಅಂಟುತ್ತದೆ, ಹೆಚ್ಚು ಕಾದರೆ ಸೀಯುತ್ತದೆ. ಬೂಸ್ಟ್ ಏರಿಸಿದವರು ಒಂದು ನಂಬರ್ 'ಕೋಲ್ಡ್' ಪ್ಲಗ್ ಹಾಕುವುದು ವಾಡಿಕೆ. ಅದರ ಪಿಂಗಾಣಿ ಮೂಗು ಮೋಟು, ಶಾಖ ಬೇಗ ಹೆಡ್ಡಿಗೆ ಇಳಿದುಹೋಗುತ್ತದೆ.

ಆದರೆ ತಣ್ಣಗಾಗಬೇಕಾದರೆ ಅಂಕಿ ಏರಬೇಕೋ ಇಳಿಯಬೇಕೋ? ಎನ್‌ಜಿಕೆ ಸಂಪ್ರದಾಯದಲ್ಲಿ 6ಕ್ಕಿಂತ 7 ತಣ್ಣಗೆ. ಬಾಷ್ ಸಂಪ್ರದಾಯದಲ್ಲಿ 7ಕ್ಕಿಂತ 6 ತಣ್ಣಗೆ. ಸ್ಮಾರ್ತ ಏಕಾದಶಿ ಒಂದು ದಿನ, ಭಾಗವತ ಏಕಾದಶಿ ಇನ್ನೊಂದು ದಿನ ಬಂದಾಗ ಹಸಿದ ಮನುಷ್ಯನ ಪಾಡು ಏನೋ ಅದೇ ಪಾಡು ಪ್ಲಗ್ ಕೊಳ್ಳುವವನದು. ಸಾಲದ್ದಕ್ಕೆ ಬಾಷ್‌ನೊಳಗೇ ಪೂರ್ವಶಾಖೆಯೊಂದಿದೆ. ಹಳೆಯ ಕ್ರಮದಲ್ಲಿ 175ಕ್ಕಿಂತ 225 ತಣ್ಣಗಿತ್ತು; ಆಮೇಲೆ ಅಂಕಿಗಳನ್ನು ಚಿಕ್ಕದು ಮಾಡುವಾಗ ಕ್ರಮವನ್ನೇ ತಿರುವಿ 175 ಇದ್ದದ್ದು 7 ಆಯಿತು, 225 ಇದ್ದದ್ದು 5. 1951ರಲ್ಲಿ ಹುಟ್ಟಿದ, ಬೆಂಗಳೂರಿನ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತು. ಆದರೂ ಹಳೆಯ ತಲೆಗಳಿಗೆ ಪ್ಲಗ್ಗೆಂದರೆ ಇಂದಿಗೂ ಮೈಕೋ ಪ್ಲಗ್ಗೇ. ಅಂಗಡಿಯಲ್ಲಿ ನಾನು "ಒಂದು ನಂಬರ್ ಕೋಲ್ಡ್ ಕೊಡಿ" ಎಂದಾಗ ಹುಡುಗ "ಮೇಲಿಂದೋ ಕೆಳಗಿಂದೋ?" ಎಂದು ಕೇಳಿದ. ಅವನೊಬ್ಬನೇ ಈ ಶಾಸ್ತ್ರದ ನಿಜವಾದ ಅಧಿಕಾರಿ.

ಪ್ಲಗ್ಗಿನ ಬಣ್ಣ ಓದುವ ವಿದ್ಯೆಗೆ ಮಾತ್ರ ಮಾಜಾಳಿಯವರಿಗೆ ಪುಸ್ತಕ ಬೇಡ. ಮೂತಿ ನಮ್ಮ ಕಡಲತೀರದ ಮರಳಿನಂತೆ ತಿಳಿಗಂದಾಗಿದ್ದರೆ ಸರಿ. ಗುಡ್ಡದಾಚೆಯ ತಿಳಮಾತಿಯ ಎಳ್ಳುಕಪ್ಪು ಮರಳಿನಂತಿದ್ದರೆ ಮಸಿ ಹಿಡಿದಿದೆ. ನನ್ನ ಕೋಲ್ಡ್ ಪ್ಲಗ್ಗುಗಳು ಎರಡೇ ತಿಂಗಳ ಬಂಗಡೆ ಯಾತ್ರೆಯಲ್ಲಿ ತಿಳಮಾತಿ ಸೇರಿದವು. ಅಷ್ಟು ಹತ್ತಿರದ ಓಡಾಟದಲ್ಲಿ ಅವು ಕಾಯುವುದೇ ಇಲ್ಲ. ಕಡೆಗೆ ಹಳೆಯ ನಂಬರಿಗೇ ಮರಳಿ, ಗ್ಯಾಪನ್ನಷ್ಟೇ ಕಿರಿದು ಮಾಡುವುದೆಂದು ತೀರ್ಮಾನವಾಯಿತು.

ಗ್ಯಾಪ್ ಇಡುವ ವಿಧಿಯನ್ನು ಕಣ್ಣಾರೆ ಕಂಡದ್ದರಿಂದ ವಿವರವಾಗಿ ದಾಖಲಿಸುತ್ತೇನೆ. ಇರಿಡಿಯಂ ಪ್ಲಗ್ಗಿನ ನಡುವಿನ ಕಡ್ಡಿ ಸೂಜಿಯಂತೆ ಸಣ್ಣ. 2,400 ಡಿಗ್ರಿಗೂ ಕರಗದ ಲೋಹ ಅದು, ಆದರೆ ಅಡ್ಡ ಮೀಟಿದರೆ ಪಟ್ಟನೆ ಮುರಿಯುತ್ತದೆ. ಮೇಸ್ತ್ರಿ ಅದನ್ನು ಮುಟ್ಟಲಿಲ್ಲ. ಮೇಲಿನ ಕೊಕ್ಕೆಯನ್ನು ಮಾತ್ರ ಮರದ ಬೆಂಚಿನ ಅಂಚಿಗೆ ಟಕ್ ಟಕ್ ಎಂದು ಎರಡು ಸಲ ಕುಟ್ಟಿದ. ನಾನು ಬೆಂಗಳೂರಿನಿಂದ ತರಿಸಿದ ಫೀಲರ್ ಗೇಜನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದೆ. ಅವನು ಅದನ್ನು ನೋಡಲೂ ಇಲ್ಲ. ಡಬ್ಬಿಯಿಂದ ಮುರಿದ ಆಕ್ಸಾ ಬ್ಲೇಡಿನ ತುಂಡೊಂದನ್ನು ತೆಗೆದು ಸಂದಿಗೆ ತೂರಿಸಿದ.

"ಹಲ್ಲಿನ ಬದಿ ಅಲ್ಲ ಮಾಸ್ತರೇ, ಬೆನ್ನಿನ ಬದಿ. ಹಲ್ಲು ಸೊಟ್ಟ ಇರ್ತದೆ, ದಪ್ಪ ತೋರಸ್ತದೆ."

ಸ್ಮೃತಿಯನ್ನು ಶ್ರುತಿಯೊಡನೆ ಹೋಲಿಸಿ ನೋಡುವುದು ಸಂಶೋಧಕನ ಧರ್ಮ. ಬ್ಲೇಡನ್ನು ಬೇಡಿ ಪಡೆದು ಲೇತ್ ಅಂಗಡಿಗೆ ಒಯ್ದು ಮೈಕ್ರೋಮೀಟರಿನಲ್ಲಿ ಅಳೆಸಿದೆ. 0.65. ಇನ್ನೊಂದು ಸಲ ಅಳೆಸಿದೆ. 0.65.

ಕರ್ಮಲ್ ಘಾಟಿನಲ್ಲಿ ಗಾಡಿ ಈಗ ಬಿಕ್ಕುವುದಿಲ್ಲ. ಇಂಥ ಪ್ರಾಚೀನ ಆಕರವನ್ನು ಯಾವುದಾದರೂ ಹಸ್ತಪ್ರತಿ ಭಂಡಾರಕ್ಕೆ ಒಪ್ಪಿಸಬೇಕೆಂದು ಮೇಸ್ತ್ರಿಗೆ ತಿಳಿಹೇಳಲು ಮರುವಾರ ಹೋದೆ. ಅವನು ಬ್ಲೇಡಿನ ಒಂದು ತುದಿಗೆ ಚಿಂದಿ ಸುತ್ತಿ ಹಿಡಿದುಕೊಂಡು, ಯಾರದೋ ಸ್ಕೂಟರಿನಡಿ ಮಲಗಿ, ಉಪ್ಪುಗಾಳಿಗೆ ತುಕ್ಕು ತಿಂದ ಬೋಲ್ಟನ್ನು ಅದರಿಂದಲೇ ಕೊಯ್ಯುತ್ತಿದ್ದ.