ಹಿಂದಿನ ಗಾಡಿಯಲ್ಲಿ ಕೂರುವವರು

ನಮ್ಮ ಕೋಲಾರ ಸೀಮೆಯಲ್ಲಿ ಕಾರು ಕೆಟ್ಟು ನಿಂತರೆ ಯಾರನ್ನೂ ಕರೆಯಬೇಕಾಗಿಲ್ಲ. ಬಾನೆಟ್ ಎತ್ತಿದರೆ ಸಾಕು, ಸಭೆ ತಾನಾಗಿ ಸೇರುತ್ತದೆ. ಒಬ್ಬರು ಬ್ಯಾಟರಿ ಅನ್ನುತ್ತಾರೆ, ಇನ್ನೊಬ್ಬರು ಡೀಸೆಲ್‌ಗೆ ನೀರು ಸೇರಿದೆ ಅನ್ನುತ್ತಾರೆ. ಮೂರನೆಯವರು "ಯಾವ ವರ್ಷದ್ದು ಸಾರ್ ಗಾಡಿ?" ಎಂದು ಕೇಳಿ, ಉತ್ತರ ಬಂದ ಮೇಲೆ ಏನೂ ಹೇಳದೆ ಸುಮ್ಮನಾಗುತ್ತಾರೆ. ಆ ಮೌನ ಮೊದಲಿನ ಎರಡು ರೋಗಗಳಿಗಿಂತ ಕೆಟ್ಟದ್ದು. ಇವರ ನಡುವೆ ಬಾಯಿಯೇ ಬಿಡದ ಒಬ್ಬ ಇರುತ್ತಾನೆ. ಅವನು ಹೋಗಿ ಹಗ್ಗ ತರುತ್ತಾನೆ.

ಹಗ್ಗಕ್ಕೆ ಇಲ್ಲಿ ಬರವಿಲ್ಲ. ಹುಲ್ಲಿನ ಲೋಡಿಗೊಂದು, ಟೊಮ್ಯಾಟೊ ಬಾಕ್ಸಿಗೊಂದು, ಸೀಮೆಹಸುವಿಗೊಂದು. ಹೊಳೆಯಿಲ್ಲದ ನಾಡು, ಬಾವಿಗೆ ಕಪಿಲೆ ಹೂಡಿ ಎತ್ತುಗಳ ಕೈಲಿ ನೀರೆಳೆಸಿದವರ ಮೊಮ್ಮಕ್ಕಳು ನಾವು. ಎಳೆಯುವುದೆಂದರೆ ಈಗಲೂ ಹುರುಪು. ಬಾವಿಯ ನೀರಿಗೆ ಬ್ರೇಕಿನ ಚಿಂತೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಬೆಂಗಳೂರಿನವರಿಗೆ ಟೋಯಿಂಗ್ ಅಂದರೆ ಬೇರೆಯೇ ಅರ್ಥ. ನಿಲ್ಲಿಸಿದ ಸ್ಕೂಟರನ್ನು ಹುಡುಗರು ಹಾರಿಬಂದು ಲಾರಿಗೆ ಏರಿಸುವುದು, ಮಾಲೀಕರು ಹಿಂದೆ ಓಡುವುದು. ಜನ ರೋಸಿ ಗಲಾಟೆ ಮಾಡಿ, 2022ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಬೇಕಾಯಿತು. ನಮ್ಮಲ್ಲಿ ಎಳೆಯುವವನ ಹಿಂದೆ ಯಾರೂ ಓಡುವುದಿಲ್ಲ. ಹಗ್ಗ ಕಟ್ಟಿಸಿಕೊಂಡು ಜೊತೆಯಲ್ಲೇ ಹೋಗುತ್ತೇವೆ. ಕಷ್ಟವೆಲ್ಲ ಆ ಜೊತೆಯಲ್ಲಿ ಹೋಗುವುದರಲ್ಲೇ ಇದೆ.

2023ರ ಜುಲೈ ನೆನಪಿರಬಹುದು. ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮ್ಯಾಟೊ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿದ ತಿಂಗಳು. ಆಗಲೇ ನಮ್ಮ ಸೋದರಮಾವನ ಕಾರು ಶ್ರೀನಿವಾಸಪುರದಿಂದ ಕೋಲಾರಕ್ಕೆ ಬರುವಾಗ ರೇಡಿಯೇಟರ್ ಪೈಪು ಬಿರಿದು ನಿಂತುಬಿಟ್ಟಿತು. ಪಕ್ಕದ ಸೀಟಿನಲ್ಲಿ ನಾನಿದ್ದೆ. ಟೊಮ್ಯಾಟೊ ತುಂಬಿದ ಪಿಕಪ್ ಒಂದು ಬಂತು. ಓಡಿಸುತ್ತಿದ್ದ ಹುಡುಗ ಇಳಿದು, ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವ ಮಾತನ್ನೇ ಹೇಳಿದ: "ನಾನು ಎಳ್ಕೊಂಡು ಹೋಗ್ತೀನಿ ಸಾರ್, ನೀವು ಹಿಂದೆ ಸುಮ್ನೆ ಕೂತ್ಕೊಳ್ಳಿ."

ಮಾವ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು, ಹೇಳಿದ್ದನ್ನು ಪಾಲಿಸುವ ಜಾಯಮಾನ. ಎಂಜಿನ್ ಹೇಗೂ ನಿಂತಿದೆಯಲ್ಲ ಎಂದು ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು ಸುಮ್ಮನೆ ಕೂತರು. ಪುಣ್ಯಕ್ಕೆ ಹುಡುಗ ನೋಡಿದ. "ಕೀಲಿ ಆನ್ ಮಾಡ್ಬಿಡಿ ಸಾರ್, ಸ್ಟಿಯರಿಂಗ್ ಲಾಕ್ ಆದ್ರೆ ಹೊಂಡಕ್ಕೇ!" ಮಾವ ತಬ್ಬಿಬ್ಬಾಗಿ ಕೀಲಿ ಹಾಕಿದರು, ಗೇರು ನ್ಯೂಟ್ರಲ್ಲಿಗೆ ತಂದರು, ಹ್ಯಾಂಡ್‌ಬ್ರೇಕ್ ಇಳಿಸಿದರು. ಗಾಡಿ ಹೊರಟಿತು.

ಮೊದಲ ಮೈಲಿಯಲ್ಲಿ ಹುಡುಗ ದೇವರಂಥವನು. ಕ್ಲಚ್ಚನ್ನು ಅರ್ಧ ಬಿಟ್ಟು, ಹಗ್ಗ ಬಿಗಿಯಾಗುವವರೆಗೆ ಕಾದು, ಆಮೇಲೆ ಮೆಲ್ಲಗೆ ಎಳೆದ. ಎರಡನೇ ಮೈಲಿಯಲ್ಲಿ ಮಂಡಿಯಿಂದ ಫೋನ್ ಬಂತೋ ಏನೋ, ಹಿಂದೊಂದು ಕಾರಿದೆ, ಅದರೊಳಗೆ ಇಬ್ಬರು ಮನುಷ್ಯರಿದ್ದಾರೆ ಎನ್ನುವುದನ್ನು ಮರೆತ. ಇಳಿಜಾರು ಬಂತು. ಮಾವ ಬ್ರೇಕ್ ಒತ್ತಿದರೆ ಅದು ಕಲ್ಲು! ಎಂಜಿನ್ ಓಡದಿದ್ದರೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್‌ಗೆ ನಿರ್ವಾತ ಸಿಗುವುದಿಲ್ಲ. ಎರಡು ಮೂರು ಸಲ ಒತ್ತುವಷ್ಟರಲ್ಲಿ ಉಳಿದದ್ದೂ ಮುಗಿಯುತ್ತದೆ. ಬ್ರೇಕು ಇಲ್ಲವೆಂದಲ್ಲ, ಕಾಲಿನ ಬಲವನ್ನೆಲ್ಲ ಹಾಕಿ ಒತ್ತಬೇಕು. ಪವರ್ ಸ್ಟಿಯರಿಂಗ್ ಕೂಡ ಹಾಗೆಯೇ ಮುನಿಸಿಕೊಳ್ಳುತ್ತದೆ. ಮುಂದೆ ಟೊಮ್ಯಾಟೊ ಬಾಕ್ಸುಗಳು ಹತ್ತಿರ ಹತ್ತಿರ ಬರುತ್ತಿದ್ದವು. ಆ ದಿನದ ಬೆಲೆಯಲ್ಲಿ ಅವುಗಳಿಗೆ ಗುದ್ದುವುದಕ್ಕಿಂತ ಇನ್ನೊಂದು ಕಾರಿಗೆ ಗುದ್ದುವುದೇ ಅಗ್ಗವಾಗುತ್ತಿತ್ತು. ಮಾವ ಎರಡೂ ಕಾಲು ಬ್ರೇಕಿನ ಮೇಲಿಟ್ಟು ನಿಂತೇಬಿಟ್ಟರು. ನಾನು ಹಾರ್ನ್ ಒತ್ತಿದೆ. ಹುಡುಗನಿಗೆ ನಾವು ನೆನಪಾದೆವು.

ಎಳೆಯುವ ಕೆಲಸದ ಒಳಗುಟ್ಟು ಇಷ್ಟೆ. ಮುಂದಿನವನದು ಬರೀ ಶಕ್ತಿ. ಹಗ್ಗವನ್ನು ಸದಾ ಬಿಗಿಯಾಗಿಡುವುದು, ಮುಂದಿನವನು ವೇಗ ತಗ್ಗಿಸುವ ಮೊದಲೇ ಊಹಿಸಿ ಬ್ರೇಕಿಗೆ ಕಾಲಿಡುವುದು, ಹಗ್ಗ ಸಡಿಲಾಗಿ ಚಕ್ರದಡಿ ಸಿಗದಂತೆ ನೋಡಿಕೊಳ್ಳುವುದು, ಎಲ್ಲ ಹಿಂದಿನವರ ಪಾಲು. ಆದರೆ ನಾವು ಮಾಡುವುದೇನು? ಪಳಗಿದ ಡ್ರೈವರನ್ನು ಮುಂದೆ ಕೂರಿಸುತ್ತೇವೆ, ಹಿಂದಿನ ಗಾಡಿಗೆ ಮನೆಯಲ್ಲಿ ಕೆಲಸವಿಲ್ಲದವರನ್ನು ಹತ್ತಿಸುತ್ತೇವೆ. ಮದುವೆಮನೆಯಲ್ಲಿ ಪರಿಣತರನ್ನೆಲ್ಲ ಪಂಕ್ತಿಯಲ್ಲಿ ಕೂರಿಸಿ, ಸಾರಿನ ಬಕೆಟ್ಟನ್ನು ಮಗುವಿನ ಕೈಗೆ ಕೊಟ್ಟಹಾಗೆ.

ಕಾನೂನಿಗೆ ಈ ವಿಚಾರದಲ್ಲಿ ನಮಗಿಂತ ಬುದ್ಧಿಯಿದೆ. 1989ರ ರಸ್ತೆ ನಿಯಮಗಳು, ಮುಂದಿನ ಚಕ್ರಗಳನ್ನು ಕ್ರೇನು ಎತ್ತಿ ಹಿಡಿಯದಿದ್ದರೆ ಎಳೆಸಿಕೊಳ್ಳುವ ಗಾಡಿಯಲ್ಲೂ ಲೈಸೆನ್ಸ್ ಇರುವವರೇ ಕೂರಬೇಕು ಎಂದಿದ್ದವು. ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರವಿರಬಾರದು, ವೇಗ ಗಂಟೆಗೆ 24 ಕಿ.ಮೀ. ಮೀರಬಾರದು, ಹಗ್ಗ ಇತರರ ಕಣ್ಣಿಗೆ ಬೀಳುವಂತಿರಬೇಕು, ಹಿಂದೆ ಬಿಳಿ ಹಲಗೆಯ ಮೇಲೆ ಕಪ್ಪಕ್ಷರದಲ್ಲಿ ‘ಆನ್ ಟೋ’ ಎಂದು ಬರೆದಿರಬೇಕು. ಇಪ್ಪತ್ತೈದಲ್ಲ, ಇಪ್ಪತ್ತನಾಲ್ಕೇ ಏಕೆ? ಹಳೆಯ ಹದಿನೈದು ಮೈಲಿಯ ಲೆಕ್ಕ ಇರಬೇಕು. 2017ರಲ್ಲಿ ಈ ನಿಯಮಗಳ ಜಾಗಕ್ಕೆ ಹೊಸವು ಬಂದವು. ಆ ಬಿಳಿ ಹಲಗೆಯನ್ನು ಮಾತ್ರ ಮುಳಬಾಗಿಲಿನಿಂದ ಮಾಲೂರಿನವರೆಗೆ ನಾನೆಲ್ಲೂ ಕಂಡಿಲ್ಲ. ರಟ್ಟಿನ ಮೇಲೆ ‘ಕೆಟ್ಟಿದೆ’ ಎಂದು ಬರೆದು ಅಂಟಿಸಿದರೂ ಹಿಂದೆ ಬರುವವನು ದೂರ ನಿಲ್ಲುತ್ತಿದ್ದ.

ಮಾಲೂರಿನ ಹತ್ತಿರ ಹಾದುಹೋಗುವ ಹೊಸ ಚೆನ್ನೈ ಎಕ್ಸ್‌ಪ್ರೆಸ್‌ವೇ ಗಂಟೆಗೆ 120 ಕಿ.ಮೀ. ವೇಗಕ್ಕೆಂದು ಕಟ್ಟಿದ್ದು. ಅಲ್ಲಿ ಹಗ್ಗ ಕಟ್ಟಿಕೊಂಡು 24ರಲ್ಲಿ ತೆವಳುವುದು ಶೌರ್ಯವಲ್ಲ, ಹುಚ್ಚು. ತಿರುಪತಿಗೆಂದು ಕೋಲಾರ, ಮುಳಬಾಗಿಲು, ನಂಗಲಿ ದಾಟುವ ಹೆದ್ದಾರಿಯಲ್ಲೂ ಅಷ್ಟೇ. ಗಾಡಿಯನ್ನು ಅಂಚಿಗೆ ತಳ್ಳಿ, ನಾಲ್ಕೂ ಇಂಡಿಕೇಟರ್ ಹಾಕಿ, ಮಕ್ಕಳನ್ನು ಬೇಲಿಯಾಚೆ ನಿಲ್ಲಿಸಿ, ಹೆದ್ದಾರಿ ಪ್ರಾಧಿಕಾರದ 1033ಕ್ಕೆ ಫೋನ್ ಮಾಡಿ. ಹಗ್ಗವೇನಿದ್ದರೂ ಊರೊಳಗಿನ ರಸ್ತೆಗೆ, ಹತ್ತಿರದ ಗ್ಯಾರೇಜಿನವರೆಗೆ.

ಆಟೊಮ್ಯಾಟಿಕ್ ಗೇರಿನ ಕಾರಿಗಂತೂ ಹಗ್ಗ ಬೇಡವೇ ಬೇಡ. ಸಾಮಾನ್ಯವಾಗಿ ಅದರ ಗೇರುಪೆಟ್ಟಿಗೆಗೆ ಎಣ್ಣೆ ಹಾಯಿಸುವ ಪಂಪು ಎಂಜಿನ್ ಓಡಿದರೆ ಮಾತ್ರ ಓಡುತ್ತದೆ. ಎಂಜಿನ್ ನಿಂತು ಚಕ್ರ ಉರುಳಿದರೆ ಒಳಗೆ ಒಣಗಿ ಸವೆಯುತ್ತದೆ, ಸಾವಿರದಲ್ಲಿ ಮುಗಿಯುವ ರಿಪೇರಿ ಲಕ್ಷಕ್ಕೇರಬಹುದು. ಕಾರನ್ನೇ ಬೆನ್ನ ಮೇಲೆ ಹೊತ್ತೊಯ್ಯುವ ಗಾಡಿಯನ್ನು ಕರೆಸುವುದೇ ಸರಿ.

ಕಟ್ಟುವ ಜಾಗವೂ ಮುಖ್ಯ. ಅಂಬಾಸಡರ್ ಕಾಲದ ಬಂಪರ್ ಕಬ್ಬಿಣದ್ದು. ಈಗಿನದು ಪ್ಲಾಸ್ಟಿಕ್ಕು, ಅದಕ್ಕೆ ಹಗ್ಗ ಕಟ್ಟಿದರೆ ಬಂಪರ್ ಮಾತ್ರ ಗ್ಯಾರೇಜು ತಲುಪುತ್ತದೆ, ಕಾರು ಅಲ್ಲೇ ಇರುತ್ತದೆ. ಇನ್ನು ಹಗ್ಗ ಬಿಗಿಯಾಗಿರುವಾಗ ಪಕ್ಕದಲ್ಲಿ ನಿಂತು ಸಲಹೆ ಕೊಡುವವರನ್ನು ದೂರ ಕಳಿಸಿ. ಹರಿದ ನೈಲಾನ್ ಹಗ್ಗ ಚಾಟಿಗಿಂತ ಜೋರಾಗಿ ಬೀಸುತ್ತದೆ, ಸಲಹೆ ಕೊಟ್ಟವರ ಮುಖವನ್ನೇ ಹುಡುಕಿಕೊಂಡು ಬರುತ್ತದೆ.

ಈಗಿನ ಅನೇಕ ಕಾರುಗಳ ಡಿಕ್ಕಿಯಲ್ಲಿ, ಜಾಕಿಯ ಪಕ್ಕದಲ್ಲಿ, ಉಂಗುರ ಇರುವ ಕಬ್ಬಿಣದ ಕೊಕ್ಕೆಯೊಂದು ಇರುತ್ತದೆ. ಬಂಪರಿನ ಪುಟ್ಟ ಮುಚ್ಚಳ ತೆಗೆದು ಅದನ್ನು ತಿರುಪಿ ಕೂರಿಸಿ, ಹಗ್ಗವನ್ನು ಅದಕ್ಕೇ ಕಟ್ಟಬೇಕು. ಇವತ್ತೇ ಒಮ್ಮೆ ತೆಗೆದು ನೋಡಿಟ್ಟುಕೊಳ್ಳಿ. ಕೆಲವು ಕಾರುಗಳಲ್ಲಿ ಅದನ್ನು ಎಡಕ್ಕೆ ತಿರುಗಿಸಬೇಕು.